ಹತ್ತು ಸಾವಿರ ವರ್ಷದ ಬಿಸಿಲು: ಸಾಕ್ಷಿ ಹೇಳಿದ್ದು ಬೇಸಿಗೆಯದ್ದೋ, ಇಡೀ ವರ್ಷದ್ದೋ?



ಇವತ್ತು ಹೇಳಹೊರಟಿರೋದು ಒಂದು ಜಗಳದ ಕಥೆ. ರಾಜರ ಜಗಳ ಅಲ್ಲ, ಗಡಿ ಜಗಳವೂ ಅಲ್ಲ. ಒಂದು ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ತಾಪಮಾನದ ಮೇಲೆ ನಡೆದ, ಈಗಲೂ ಪೂರ್ತಿ ಮುಗಿಯದ ಜಗಳ. ಪ್ರಶ್ನೆ ಇಷ್ಟೇ: ಆರೇಳು ಸಾವಿರ ವರ್ಷಗಳ ಹಿಂದೆ, ಮನುಷ್ಯ ಬೇಸಾಯ ಕಲಿತು ಊರು ಕಟ್ಟಿಕೊಳ್ಳುತ್ತಿದ್ದ ಕಾಲದಲ್ಲಿ, ಭೂಮಿ ನಮ್ಮ ಮುತ್ತಜ್ಜಂದಿರ ಕಾಲಕ್ಕಿಂತ ಬೆಚ್ಚಗಿತ್ತಾ, ತಣ್ಣಗಿತ್ತಾ?

ವಿಷಯಕ್ಕೆ ಹೋಗೋ ಮುಂಚೆ ಒಂದು ಉದಾಹರಣೆ. ಪೇಟೆಯಲ್ಲಿ ಓದುವ ಮೊಮ್ಮಗ ಪ್ರತಿ ವರ್ಷ ಬೇಸಿಗೆ ರಜೆಗೆ ಮಾತ್ರ ಅಜ್ಜಿ ಊರಿಗೆ ಹೋಗ್ತಾನೆ. ‘ಅಜ್ಜಿ ಊರು ಹೇಗಿದೆಯಪ್ಪಾ?’ ಅಂತ ಕೇಳಿ. ಬಾವಿಯಲ್ಲಿ ತಳ ಕಾಣುತ್ತೆ, ಹೊಳೆಯನ್ನ ನಡೆದೇ ದಾಟಬಹುದು, ರಾತ್ರಿ ಒಳಗೆ ಮಲಗೋಕಾಗಲ್ಲ, ಜಗಲಿ ಮೇಲೇ ಮಲಗಬೇಕು ಅಂತಾನೆ. ಹುಡುಗ ಸುಳ್ಳು ಹೇಳುತ್ತಿಲ್ಲ. ಕಂಡಿದ್ದನ್ನೇ ಹೇಳುತ್ತಿದ್ದಾನೆ. ಆದರೆ ಜುಲೈಯಲ್ಲಿ ಅದೇ ಹೊಳೆ ಸೇತುವೆ ಮೇಲೆ ಹರಿಯುತ್ತೆ ಅನ್ನೋದು ಅವನಿಗೆ ಗೊತ್ತೇ ಇಲ್ಲ. ತಪ್ಪು ಅವನದ್ದಲ್ಲ. ಅವನ ಮಾತು ಕೇಳಿ ‘ಓಹೋ, ಆ ಊರಲ್ಲಿ ವರ್ಷಪೂರ್ತಿ ಹೀಗೇ’ ಅಂತ ಬರೆದುಕೊಂಡರೆ ತಪ್ಪು ನಮ್ಮದು.

ಭೂಮಿಯ ಹಳೆಯ ಹವಾಮಾನದ ಸಾಕ್ಷಿಗಳೂ ಹೆಚ್ಚುಕಡಿಮೆ ಈ ಮೊಮ್ಮಗನ ಹಾಗೇ. ಇದು ವಿಜ್ಞಾನಿಗಳಿಗೆ ಹೇಗೆ ಅರ್ಥವಾಯಿತು, ಅರ್ಥವಾದ ಮೇಲೂ ಹೇಗೆ ಕಾಡಿತು ಅನ್ನೋದೇ ಇವತ್ತಿನ ಸಂಚಿಕೆ.

ಥರ್ಮಾಮೀಟರ್ ಇಲ್ಲದ ಕಾಲ

ಮೊದಲು ಒಂದು ಸರಳ ಸಂಗತಿ. ಥರ್ಮಾಮೀಟರ್ ಇಟ್ಟು ಅಳೆದ ದಾಖಲೆ ನಮ್ಮ ಬಳಿ ಬಹಳ ಹಳೆಯದಿಲ್ಲ. ಜಗತ್ತಿನಲ್ಲೇ ಅತಿ ಉದ್ದದ ದಾಖಲೆ ಅಂತ ಹೇಳೋದು ಮಧ್ಯ ಇಂಗ್ಲೆಂಡಿನ ತಾಪಮಾನ ಪಟ್ಟಿಯನ್ನ. ಗಾರ್ಡನ್ ಮ್ಯಾನ್ಲಿ ಎಂಬ ವಿದ್ವಾಂಸ 20ನೇ ಶತಮಾನದಲ್ಲಿ ಹಳೆಯ ದಿನಚರಿ, ಟಿಪ್ಪಣಿಗಳನ್ನೆಲ್ಲ ಜೋಡಿಸಿ ಕಟ್ಟಿದ್ದು. ಅದು ಶುರುವಾಗೋದೇ 1659ರಿಂದ. ಅದಕ್ಕಿಂತ ಹಿಂದಿನದ್ದು ಬೇಕಾದರೆ ಬೇರೆಯವರ ಬಾಯಲ್ಲಿ ಕೇಳಬೇಕು. ಮರದ ಉಂಗುರ, ಹಿಮದ ಪದರ, ಸಮುದ್ರದ ತಳದ ಕೆಸರು, ಹೂವಿನ ಪರಾಗ, ದ್ರಾಕ್ಷಿ ಕೊಯ್ದ ದಿನಾಂಕ, ಕೆರೆ ಹೆಪ್ಪುಗಟ್ಟಿದ ದಿನಾಂಕ. ಇವಕ್ಕೆ ವಿಜ್ಞಾನಿಗಳು ಇಟ್ಟ ಹೆಸರು ‘ಪ್ರಾಕ್ಸಿ’. ಕಾಲೇಜಿನಲ್ಲಿ ಗೆಳೆಯನ ಬದಲು ಹಾಜರಿ ಕೂಗ್ತೀವಲ್ಲ, ಅದೇ ಪ್ರಾಕ್ಸಿ. ಥರ್ಮಾಮೀಟರ್ ಬದಲು ಇವು ಹಾಜರಿ ಹೇಳುತ್ತವೆ.

ಜಪಾನಿನ ನಾಗಾನೊ ಪ್ರಾಂತ್ಯದಲ್ಲಿ ಸುವಾ ಅಂತ ಒಂದು ಸರೋವರ ಇದೆ. ಚಳಿಗಾಲದಲ್ಲಿ ಅದು ಹೆಪ್ಪುಗಟ್ಟಿದಾಗ ಮಂಜುಗಡ್ಡೆ ಬಿರಿದು, ಉದ್ದಕ್ಕೆ ಒಂದು ಏರಿ ಎದ್ದು ನಿಲ್ಲುತ್ತೆ. ಅಲ್ಲಿಯವರ ನಂಬಿಕೆಯಲ್ಲಿ ಅದು ದೇವರು ನಡೆದ ದಾರಿ. ಒಂದು ದಡದ ಗುಡಿಯ ದೇವರು, ಆಚೆ ದಡದ ದೇವಿಯನ್ನು ನೋಡೋಕೆ ಸರೋವರ ದಾಟಿ ಹೋಗುತ್ತಾನಂತೆ. ಶಿಂಟೋ ಅರ್ಚಕರು 1443ರಿಂದ ಈ ದಿನಾಂಕಗಳನ್ನು ಬರೆದಿಡುತ್ತಾ ಬಂದಿದ್ದಾರೆ. ಭಕ್ತಿಗೆ ಬರೆದದ್ದು ಈಗ ವಿಜ್ಞಾನಕ್ಕೆ ಬಂಗಾರ. ಆದರೆ ಗಮನಿಸಿ, ಈ ಸಾಕ್ಷಿಗೆ ಚಳಿಗಾಲ ಮಾತ್ರ ಗೊತ್ತು. ಆ ವರ್ಷದ ಆಗಸ್ಟ್‌ನಲ್ಲಿ ಸೆಕೆ ಎಷ್ಟಿತ್ತು ಅಂತ ಕೇಳಿದರೆ ಅದರ ಬಳಿ ಉತ್ತರ ಇಲ್ಲ.

ಅದೇ ಜಪಾನಿನ ಕ್ಯೋಟೊದಲ್ಲಿ ಇನ್ನೊಂದು ದಾಖಲೆ. ಚೆರ್ರಿ ಮರ ಹೂ ಬಿಟ್ಟಾಗ ಹಬ್ಬ ಮಾಡುತ್ತಾರೆ. ಆಸ್ಥಾನದವರು, ಸನ್ಯಾಸಿಗಳು ಆ ದಿನಾಂಕಗಳನ್ನು ತಮ್ಮ ದಿನಚರಿಗಳಲ್ಲಿ ಬರೆದಿಟ್ಟಿದ್ದಾರೆ. ಅತಿ ಹಳೆಯದು 812ನೇ ಇಸವಿಯದ್ದು. ಯಾಸುಯುಕಿ ಆವೊನೊ ಎಂಬ ಸಂಶೋಧಕ ಇವನ್ನೆಲ್ಲ ಹುಡುಕಿ ಸಾಲಾಗಿ ಜೋಡಿಸಿದರು. 2021ರಲ್ಲಿ ಮಾರ್ಚ್ 26ಕ್ಕೇ ಹೂವು ಪೂರ್ತಿ ಅರಳಿತ್ತು. ಅದಕ್ಕೆ ಮುಂಚೆ ಇಷ್ಟು ಬೇಗ ಅರಳಿದ್ದು 1409ರಲ್ಲಿ, ಮಾರ್ಚ್ 27ಕ್ಕೆ. ಸುಂದರವಾದ ದಾಖಲೆ. ಆದರೆ ಆ ಮರ ಹೇಳೋದು ಮುಖ್ಯವಾಗಿ ಮಾರ್ಚ್ ತಿಂಗಳ ಕಥೆ.

ಈಗ ಫ್ರಾನ್ಸಿಗೆ ಬನ್ನಿ. ಬರ್ಗಂಡಿಯಲ್ಲಿ ದ್ರಾಕ್ಷಿ ಕೊಯ್ಲು ಯಾವತ್ತು ಶುರು ಮಾಡಬೇಕು ಅಂತ ಊರಿನವರೆಲ್ಲ ಸೇರಿ ತೀರ್ಮಾನಿಸಿ ಸಾರುತ್ತಿದ್ದರು. ಆ ದಿನಾಂಕ ಊರಿನ ಲೆಕ್ಕದ ಪುಸ್ತಕದಲ್ಲಿ ಉಳಿಯಿತು. ಇತಿಹಾಸಕಾರ ಎಮ್ಯಾನುಯೆಲ್ ಲ ರ್ವಾ ಲಾದ್ಯೂರಿ 1967ರಲ್ಲಿ ಕಳೆದ ಸಾವಿರ ವರ್ಷದ ಹವಾಮಾನದ ಇತಿಹಾಸ ಬರೆದಾಗ ಇಂಥ ದಿನಾಂಕಗಳನ್ನೇ ಆಧಾರ ಮಾಡಿಕೊಂಡರು. ರಾಜ-ಯುದ್ಧಗಳ ಇತಿಹಾಸಕ್ಕೆ ಒಗ್ಗಿಕೊಂಡಿದ್ದವರಿಗೆ ಇದು ಹೊಸದು. ಬೋನ್ ಪಟ್ಟಣದ ದಾಖಲೆ 1354ರವರೆಗೂ ಹಿಂದಕ್ಕೆ ಹೋಗುತ್ತೆ. 1354ರಿಂದ 1987ರವರೆಗೆ ಸರಾಸರಿ ಸೆಪ್ಟೆಂಬರ್ 28ಕ್ಕೆ ಕೊಯ್ಲು. 1988ರಿಂದ ಈಚೆಗೆ ಸರಾಸರಿ 13 ದಿನ ಮುಂಚೆ. ದ್ರಾಕ್ಷಿ ಬೇಗ ಹಣ್ಣಾದರೆ ಬಿಸಿಲು ಜೋರಾಗಿತ್ತು ಅಂತ ಅರ್ಥ. ಆದರೆ ಯಾವ ಬಿಸಿಲು? ಏಪ್ರಿಲ್‌ನಿಂದ ಆಗಸ್ಟ್‌ವರೆಗಿನದ್ದು. ಡಿಸೆಂಬರ್‌ನಲ್ಲಿ ಬಳ್ಳಿ ಎಲೆ ಉದುರಿಸಿ ನಿದ್ದೆ ಮಾಡುತ್ತಿರುತ್ತೆ. ನಿದ್ದೆ ಮಾಡುವವನು ಏನು ಸಾಕ್ಷಿ ಹೇಳಿಯಾನು?

ಚಳಿಗಾಲದ ದಾಖಲೆಗೆ ಇನ್ನೊಂದು ತೊಡಕಿದೆ. 1683-84ರ ಚಳಿಗಾಲದಲ್ಲಿ ಲಂಡನ್‌ನ ಥೇಮ್ಸ್ ನದಿ ಹೆಪ್ಪುಗಟ್ಟಿ, ಅದರ ಮೇಲೆ ಜಾತ್ರೆಯೇ ನಡೆಯಿತು. ಅಂಗಡಿ, ಗಾಡಿ, ಮುದ್ರಣಯಂತ್ರ ಎಲ್ಲ ನದಿ ಮೇಲೇ. ಮ್ಯಾನ್ಲಿ ಪಟ್ಟಿಯಲ್ಲಿ ಅತ್ಯಂತ ಚಳಿಯ ಚಳಿಗಾಲ ಅದೇ. ‘ಕಿರು ಹಿಮಯುಗ’ ಅಂದ ತಕ್ಷಣ ಎಲ್ಲರ ಕಣ್ಮುಂದೆ ಬರೋ ಚಿತ್ರವೂ ಅದೇ. ಆದರೆ ಅದೇ ಪಟ್ಟಿಯನ್ನ ಎರಡು ಸಾಲು ಕೆಳಗೆ ನೋಡಿ. 1685-86ರ ಚಳಿಗಾಲ ಆ ಕಾಲಕ್ಕೆ ಆಶ್ಚರ್ಯ ಅನ್ನುವಷ್ಟು ಬೆಚ್ಚಗಿತ್ತು. ಬೆಚ್ಚಗಿನ ಚಳಿಗಾಲದಲ್ಲಿ ಜಾತ್ರೆ ಇಲ್ಲ, ಚಿತ್ರ ಬರೆಯುವವರೂ ಇಲ್ಲ. ಇನ್ನೂ ಒಂದು ಮಾತು: ಹಳೆಯ ಲಂಡನ್ ಸೇತುವೆಯ ಒತ್ತೊತ್ತಾದ ಕಂಬಗಳು ನೀರಿನ ಓಟ ತಡೆಯುತ್ತಿದ್ದವು, ಹಾಗಾಗಿ ನದಿ ಸುಲಭವಾಗಿ ಹೆಪ್ಪುಗಟ್ಟುತ್ತಿತ್ತು. 1831ರಲ್ಲಿ ಆ ಸೇತುವೆ ಕೆಡವಿದರು. ಆಮೇಲೆ ಅಲ್ಲಿ ಜಾತ್ರೆ ನಡೆಯಲಿಲ್ಲ. ಚಳಿ ಕಡಿಮೆಯಾಗಿದ್ದು ಎಷ್ಟು, ಸೇತುವೆ ಹೋಗಿದ್ದು ಎಷ್ಟು?

ಬಿಯರ್ ಬಾಟಲಿಯಿಂದ ಗ್ರೀನ್‌ಲ್ಯಾಂಡಿಗೆ

ಇದೆಲ್ಲ ಮನುಷ್ಯರು ಬರೆದಿಟ್ಟದ್ದು. ಪ್ರಕೃತಿಯೇ ಬರೆದಿಟ್ಟ ದಾಖಲೆಯಲ್ಲಾದರೂ ಇಂಥ ವಾಲಿಕೆ ಇರಲ್ಲ ಅಂತ ಅಂದುಕೊಳ್ಳಬಹುದು. ಅಲ್ಲೂ ಇದೆ.

1952ರ ಜೂನ್. ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ ಮಳೆ ಬರುತ್ತಿತ್ತು. ವಿಲ್ಲಿ ಡ್ಯಾನ್ಸ್‌ಗಾರ್ಡ್ ಎಂಬ ವಿಜ್ಞಾನಿ ತಮ್ಮ ಮನೆಯಂಗಳದಲ್ಲಿ ಒಂದು ಖಾಲಿ ಬಿಯರ್ ಬಾಟಲಿ ಇಟ್ಟು, ಬಾಯಿಗೆ ಆಲಿಕೆ ಸಿಕ್ಕಿಸಿ ಮಳೆನೀರು ಹಿಡಿದರು. ನೀರಿನ ಆಮ್ಲಜನಕದಲ್ಲಿ ಹಗುರದ್ದು, ಭಾರದ್ದು ಅಂತ ಬಗೆಗಳಿವೆ. ಮೋಡ ತಣ್ಣಗಾದಷ್ಟೂ ಅದರಿಂದ ಬೀಳುವ ನೀರಿನಲ್ಲಿ ಭಾರದ ಆಮ್ಲಜನಕ ಕಡಿಮೆ ಅಂತ ಅವರು ಕಂಡುಕೊಂಡರು. ಹಾಗಾದರೆ ಸಾವಿರಾರು ವರ್ಷಗಳ ಹಿಂದೆ ಬಿದ್ದು, ಕರಗದೆ ಉಳಿದ ಹಿಮವನ್ನು ಅಳೆದರೆ? ಅಂದಿನ ತಾಪಮಾನ ಸಿಗಬೇಕಲ್ಲ!

ಸಿಕ್ಕಿತು ಕೂಡ. ಗ್ರೀನ್‌ಲ್ಯಾಂಡಿನ ಕ್ಯಾಂಪ್ ಸೆಂಚುರಿ ಎಂಬಲ್ಲಿ ಅಮೆರಿಕದ ಸೇನೆಯವರು 1966ರಲ್ಲಿ ಸುಮಾರು 1,390 ಮೀಟರ್ ಆಳದವರೆಗೆ ಹಿಮ ಕೊರೆದು ತೆಗೆದಿದ್ದರು. ಅದನ್ನು ಡ್ಯಾನ್ಸ್‌ಗಾರ್ಡ್ ಅಳೆದರು. ಹಿಮಯುಗದ ಕಥೆ ಪದರ ಪದರವಾಗಿ ಬಿಚ್ಚಿಕೊಂಡಿತು. ಈ ಲೆಕ್ಕದ ಪ್ರಕಾರ ಸುಮಾರು 20 ಸಾವಿರ ವರ್ಷಗಳ ಹಿಂದೆ ಮಧ್ಯ ಗ್ರೀನ್‌ಲ್ಯಾಂಡ್ ಈಗಿಗಿಂತ 10-12 ಡಿಗ್ರಿ ತಣ್ಣಗಿತ್ತು.

ಆಮೇಲೆ 1990ರ ದಶಕ. ಯುರೋಪಿನವರು ಗ್ರೀನ್‌ಲ್ಯಾಂಡಿನ ನೆತ್ತಿಯ ಮೇಲೆ 3 ಕಿಲೋಮೀಟರ್ ಆಳದ ಕೊಳವೆ ಕೊರೆದಿದ್ದರು. ಡೋರ್ಥೆ ಡಾಲ್-ಜೆನ್ಸೆನ್ ಮತ್ತು ಸಂಗಡಿಗರು ಇನ್ನೊಂದು ದಾರಿ ಹಿಡಿದರು. ಹಿಮದ ರಸಾಯನ ನೋಡುವ ಬದಲು, ಆ ಕೊಳವೆಯೊಳಗೆ ಥರ್ಮಾಮೀಟರನ್ನೇ ಇಳಿಬಿಟ್ಟರು. ಅಷ್ಟು ದಪ್ಪದ ಹಿಮದಲ್ಲಿ ಶಾಖ ಬಹಳ ನಿಧಾನವಾಗಿ ಹರಡುತ್ತೆ. ಹಿಮಯುಗದ ಚಳಿ ಇನ್ನೂ ಅದರ ಹೊಟ್ಟೆಯಲ್ಲಿ ಪೂರ್ತಿ ಆರದೆ ಉಳಿದಿದೆ. ಅದನ್ನು ಅಳೆದು ಹಿಂದಕ್ಕೆ ಲೆಕ್ಕ ಹಾಕಿ 1998ರಲ್ಲಿ ಪ್ರಕಟಿಸಿದ ಉತ್ತರ: ಹಿಮಯುಗ ತೀವ್ರವಾಗಿದ್ದಾಗ ಅಲ್ಲಿ ಈಗಿಗಿಂತ 23 ಡಿಗ್ರಿ ಹೆಚ್ಚು ಚಳಿ.

ಒಂದೇ ಜಾಗ, ಒಂದೇ ಹಿಮ. ಒಂದು ಸಾಕ್ಷಿ 10-12 ಅನ್ನುತ್ತೆ, ಇನ್ನೊಂದು 23 ಅನ್ನುತ್ತೆ. ದುಪ್ಪಟ್ಟು ವ್ಯತ್ಯಾಸ!

ಯಾಕೆ ಹೀಗೆ? 2000ದಲ್ಲಿ ಮಾರ್ಟಿನ್ ವೆರ್ನರ್ ಮತ್ತು ಸಂಗಡಿಗರು ಕೊಟ್ಟ ವಿವರಣೆ ಕೇಳಿ. ಹಿಮಯುಗದಲ್ಲಿ ಗ್ರೀನ್‌ಲ್ಯಾಂಡಿನ ಚಳಿಗಾಲ ಎಷ್ಟು ಒಣಗಿತ್ತು ಅಂದ್ರೆ, ಹಿಮ ಬೀಳೋದೇ ಬಹಳ ಕಡಿಮೆಯಾಗಿತ್ತು. ಬಿದ್ದ ಹಿಮದ ಬಹುಪಾಲು ಬೇಸಿಗೆಯದ್ದು. ಹಿಮ ಬಿದ್ದ ದಿನ ಮಾತ್ರ ದಾಖಲೆ. ಹಿಮ ಬೀಳದ ದಿನಗಳ ಪುಟ ಖಾಲಿ.

ಲೆಕ್ಕದಲ್ಲಿ ನೋಡೋಣ. ಅಂಕಿಗಳು ನಾನು ಉದಾಹರಣೆಗೆ ಇಟ್ಟುಕೊಂಡವು, ಅಷ್ಟೆ. ಒಂದು ಜಾಗದಲ್ಲಿ ಬೇಸಿಗೆ ಮೈನಸ್ 15 ಡಿಗ್ರಿ, ಚಳಿಗಾಲ ಮೈನಸ್ 45. ಎರಡೂ ಕಾಲದಲ್ಲಿ ಸಮಸಮ ಹಿಮ ಬಿದ್ದರೆ ಹಿಮ ತೋರಿಸುವ ಸರಾಸರಿ ಮೈನಸ್ 30. ಈಗ ಚಳಿ ಅಷ್ಟೇ ಇರಲಿ, ಆದರೆ ಹತ್ತರಲ್ಲಿ ಒಂಬತ್ತು ಪಾಲು ಹಿಮ ಬೇಸಿಗೆಯಲ್ಲೇ ಬೀಳಲಿ. ಆಗ ಹಿಮ ತೋರಿಸೋದು ಮೈನಸ್ 18. ಗಾಳಿಯ ತಾಪಮಾನ ಕಾಲು ಡಿಗ್ರಿಯೂ ಬದಲಾಗಿಲ್ಲ. ಆದರೂ ನಮ್ಮ ದಾಖಲೆಯಲ್ಲಿ 12 ಡಿಗ್ರಿ ಬಿಸಿಯೇರಿಬಿಟ್ಟಿತು!

ಇದನ್ನೇ ‘ಋತುವಿನ ಪಕ್ಷಪಾತ’ ಅನ್ನೋದು. ಇದರಲ್ಲಿ ಮೋಸದ ಭಾಗ ಯಾವುದು ಗೊತ್ತಾ? ಸಾಕ್ಷಿ ಯಾವಾಗಲೂ ಒಂದೇ ಋತುವಿನ ಕಡೆ ಒಂದೇ ಪ್ರಮಾಣದಲ್ಲಿ ವಾಲಿದ್ದರೆ ಅಷ್ಟು ತೊಂದರೆ ಇಲ್ಲ, ಲೆಕ್ಕದಲ್ಲಿ ಸರಿಪಡಿಸಬಹುದು. ಆದರೆ ವಾಲಿಕೆಯೇ ಕಾಲಕ್ಕೆ ತಕ್ಕ ಹಾಗೆ ಬದಲಾದರೆ? ಇಲ್ಲಾ, ಋತುಗಳೇ ಬದಲಾದರೆ?

ಋತುಗಳು ಬದಲಾಗಿದ್ದವು. ಅಲ್ಲಿಂದಲೇ ನಮ್ಮ ಮುಖ್ಯ ಜಗಳ ಶುರು.

2013ರ ಗೆರೆ

2013ರ ಮಾರ್ಚ್‌ನಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಶಾನ್ ಮಾರ್ಕಾಟ್, ಜೆರೆಮಿ ಶಾಕುನ್, ಪೀಟರ್ ಕ್ಲಾರ್ಕ್, ಅಲನ್ ಮಿಕ್ಸ್ ಒಂದು ಲೇಖನ ಬರೆದರು. ಜಗತ್ತಿನ 73 ಕಡೆಯ ದಾಖಲೆಗಳನ್ನು ಸೇರಿಸಿ, ಕಳೆದ 11,300 ವರ್ಷಗಳ ತಾಪಮಾನದ ಒಂದು ಗೆರೆ ಎಳೆದರು. ಹೆಚ್ಚಿನ ದಾಖಲೆ ಸಮುದ್ರದ ತಳದ ಕೆಸರಿನಿಂದ ಬಂದದ್ದು. ಗೆರೆ ಹೇಳಿದ್ದು ಹೀಗೆ: ಸುಮಾರು 10 ಸಾವಿರದಿಂದ 5 ಸಾವಿರ ವರ್ಷಗಳ ಹಿಂದಿನವರೆಗೆ ಭೂಮಿ ಬೆಚ್ಚಗಿತ್ತು. ಆಮೇಲೆ ಮೆಲ್ಲಗೆ ಇಳಿಯುತ್ತಾ ಬಂದು, ಸುಮಾರು 200 ವರ್ಷಗಳ ಹಿಂದಿನ ಹೊತ್ತಿಗೆ 0.7 ಡಿಗ್ರಿಯಷ್ಟು ತಣ್ಣಗಾಯಿತು. ಅಲ್ಲಿಂದ ಈಚೆಗೆ ನಮ್ಮ ಕಾಲದ ಏರಿಕೆ.

ಮುಂದಿನ ವರ್ಷವೇ ತಕರಾರು ಬಂತು. ಝೆಂಗ್ಯು ಲಿಯು ಮತ್ತು ಸಂಗಡಿಗರು 2014ರಲ್ಲಿ ಕೇಳಿದ ಪ್ರಶ್ನೆ ನೇರವಾಗಿತ್ತು. ಈ ಹತ್ತು ಸಾವಿರ ವರ್ಷಗಳಲ್ಲಿ ಉಳಿದಿದ್ದ ದೊಡ್ಡ ಹಿಮಹಾಸುಗಳು ಕರಗಿದವು. ಗಾಳಿಯಲ್ಲಿನ ಕಾರ್ಬನ್ ಡೈ ಆಕ್ಸೈಡ್ ಹತ್ತು ಲಕ್ಷಕ್ಕೆ ಸುಮಾರು 260 ಪಾಲಿನಿಂದ 280ಕ್ಕೆ ಏರಿತು. ಎರಡೂ ಭೂಮಿಯನ್ನು ಬಿಸಿ ಮಾಡುವ ಸಂಗತಿಗಳು. ಅವರು ನೋಡಿದ ಮೂರು ಕಂಪ್ಯೂಟರ್ ಮಾದರಿಗಳೂ ‘ಭೂಮಿ ಸುಮಾರು ಅರ್ಧ ಡಿಗ್ರಿ ಬೆಚ್ಚಗಾಗಬೇಕಿತ್ತು’ ಅನ್ನುತ್ತವೆ. ಹಾಗಿದ್ದ ಮೇಲೆ ದಾಖಲೆಗಳು ‘ತಣ್ಣಗಾಯಿತು’ ಅನ್ನೋದು ಹೇಗೆ? ಈ ಸಮಸ್ಯೆಗೆ ಅವರು ‘ಹೊಲೊಸೀನ್ ತಾಪಮಾನದ ಒಗಟು’ ಅಂತಲೇ ಹೆಸರಿಟ್ಟರು. ಹೊಲೊಸೀನ್ ಅಂದ್ರೆ ಕಳೆದ ಹಿಮಯುಗ ಮುಗಿದ ಮೇಲಿನ ಕಾಲ, ಸುಮಾರು 11,700 ವರ್ಷ.

ಇದು ಬರೀ ಪಂಡಿತರ ಚರ್ಚೆ ಅಲ್ಲ. ದಾಖಲೆ ಸರಿ ಅಂದ್ರೆ ಮಾದರಿಗಳಲ್ಲಿ ಏನೋ ಬಿಟ್ಟುಹೋಗಿದೆ ಅಂತಾಯ್ತು. ಮುಂದಿನ ನೂರು ವರ್ಷದ ಹವಾಮಾನ ಹೇಳೋದೂ ಅಂಥ ಮಾದರಿಗಳೇ ತಾನೆ? ಮಾದರಿ ಸರಿ ಅಂದ್ರೆ, ಅಷ್ಟೂ ಕಷ್ಟಪಟ್ಟು ಸಮುದ್ರದ ತಳದಿಂದ ತೆಗೆದ ಸಾಕ್ಷಿಯನ್ನು ನಾವು ತಪ್ಪಾಗಿ ಓದಿದ್ದೀವಿ ಅಂತಾಯ್ತು. ಜೊತೆಗೆ, ‘ಹಿಂದೆಯೂ ಹೀಗೇ ಸೆಕೆ ಇತ್ತು, ಈಗಿನದ್ದಕ್ಕೆ ಯಾಕೆ ಗಲಾಟೆ’ ಅನ್ನೋರು ಬೇರೆ ಕಾಯುತ್ತಾ ಇದ್ದಾರೆ.

ಸೂರ್ಯ ಹತ್ತಿರ ಬರುವ ತಿಂಗಳು

ಒಗಟು ಬಿಡಿಸೋಕೆ ಆಕಾಶ ನೋಡಬೇಕು. ಭೂಮಿ ಸೂರ್ಯನ ಸುತ್ತ ಸುತ್ತೋದು ಸರಿಯಾದ ವೃತ್ತದಲ್ಲಿ ಅಲ್ಲ. ಈಗ ಜನವರಿ ಮೊದಲ ವಾರದ ಹೊತ್ತಿಗೆ ನಾವು ಸೂರ್ಯನಿಗೆ ಅತಿ ಹತ್ತಿರ ಇರುತ್ತೀವಿ, ಜುಲೈ ಶುರುವಿನಲ್ಲಿ ಅತಿ ದೂರ. ಎರಡರ ನಡುವೆ ಸುಮಾರು 50 ಲಕ್ಷ ಕಿಲೋಮೀಟರ್ ವ್ಯತ್ಯಾಸ. ಆದರೆ ಈ ಹತ್ತಿರದ ದಿನ ಸಾವಿರಾರು ವರ್ಷಗಳಲ್ಲಿ ಪಂಚಾಂಗದ ಉದ್ದಕ್ಕೂ ಸರಿಯುತ್ತಾ ಹೋಗುತ್ತೆ. ಹತ್ತು-ಹನ್ನೊಂದು ಸಾವಿರ ವರ್ಷಗಳ ಹಿಂದೆ ಅದು ಬರುತ್ತಿದ್ದದ್ದು ಉತ್ತರ ಗೋಳದ ಬೇಸಿಗೆಯಲ್ಲಿ. ಆಗ ಜೂನ್‌ನಿಂದ ಆಗಸ್ಟ್‌ವರೆಗೆ ಬೀಳುತ್ತಿದ್ದ ಬಿಸಿಲು ಈಗಿಗಿಂತ ಸುಮಾರು ಶೇ 7ರಷ್ಟು ಜಾಸ್ತಿ. ಚಳಿಗಾಲದಲ್ಲಿ ಅದಕ್ಕೆ ತಕ್ಕ ಹಾಗೆ ಕಡಿಮೆ. ವರ್ಷದ ಒಟ್ಟು ಲೆಕ್ಕದಲ್ಲಿ ಹೆಚ್ಚೇನೂ ವ್ಯತ್ಯಾಸ ಇಲ್ಲ.

ಅಂದ್ರೆ ಬೇಸಿಗೆ ಹೆಚ್ಚು ಬಿಸಿ, ಚಳಿಗಾಲ ಹೆಚ್ಚು ತಂಪು. ಆಮೇಲಿನ ಸಾವಿರಾರು ವರ್ಷಗಳಲ್ಲಿ ಬೇಸಿಗೆ ಇಳಿಯುತ್ತಾ ಬಂತು, ಚಳಿಗಾಲದ ಬಿಸಿಲು ಏರುತ್ತಾ ಬಂತು. ಈಗ ನಮ್ಮ ಮೊಮ್ಮಗನನ್ನು ನೆನಪಿಸಿಕೊಳ್ಳಿ. ಬೇಸಿಗೆಯಲ್ಲಿ ಮಾತ್ರ ಊರಿಗೆ ಬರುವ ಸಾಕ್ಷಿ ಹೇಳೋದೇನು? ‘ವರ್ಷದಿಂದ ವರ್ಷಕ್ಕೆ ತಣ್ಣಗಾಗ್ತಾ ಇದೆ’ ಅಂತ. ನಿಜವನ್ನೇ ಹೇಳುತ್ತಿದ್ದಾನೆ. ಇಡೀ ವರ್ಷದ ಸರಾಸರಿ ಮಾತ್ರ ಅವನಿಗೆ ಗೊತ್ತಿಲ್ಲ.

ಸಮುದ್ರದ ಕೆಸರಿನಲ್ಲಿರುವ ಸಾಕ್ಷಿಗಳು ಯಾರು? ಒಂದು, ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ. ನೀರಿನ ಬಿಸಿಗೆ ತಕ್ಕಂತೆ ಅದು ತನ್ನ ಮೈಯಲ್ಲಿ ಆಲ್ಕೆನೋನ್ ಎಂಬ ಕೊಬ್ಬಿನಂಥ ವಸ್ತುವಿನ ರಚನೆ ಬದಲಿಸುತ್ತೆ. ಇನ್ನೊಂದು, ಫೊರಾಮಿನಿಫೆರಾ ಎಂಬ ಏಕಕೋಶ ಜೀವಿ. ಇದರ ಸುಣ್ಣದ ಚಿಪ್ಪಿನಲ್ಲಿ ಮೆಗ್ನೀಷಿಯಂ ಎಷ್ಟಿದೆ ಅಂತ ನೋಡಿದರೆ ನೀರು ಎಷ್ಟು ಬೆಚ್ಚಗಿತ್ತು ಅಂತ ಗೊತ್ತಾಗುತ್ತೆ. ಸತ್ತು ತಳ ಸೇರಿದ ಮೇಲೂ ಈ ಗುರುತು ಉಳಿಯುತ್ತೆ. ಆದರೆ ಈ ಜೀವಿಗಳು ವರ್ಷಪೂರ್ತಿ ಒಂದೇ ಸಮ ಬೆಳೆಯಲ್ಲ. ಧ್ರುವದ ಕಡೆಯ ಕಡಲಲ್ಲಿ ಚಳಿಗಾಲ ಅಂದ್ರೆ ಕತ್ತಲೆ. ಬಿಸಿಲಿಲ್ಲದೆ ಪಾಚಿ ಹೇಗೆ ಬೆಳೆಯಬೇಕು? ಬೆಳೆಯೋದು ಬಿಸಿಲಿನ ಕೆಲವು ತಿಂಗಳು, ಬರೆದಿಡೋದೂ ಅಷ್ಟನ್ನೇ. ನೆಲದ ಮೇಲೂ ಹಾಗೇ. ಸೈಬೀರಿಯಾದಲ್ಲಿ ಏಳೆಂಟು ಸಾವಿರ ವರ್ಷಗಳ ಹಿಂದೆ ಕಾಡು ಈಗಿರುವುದಕ್ಕಿಂತ ಉತ್ತರಕ್ಕೆ, ಆರ್ಕ್‌ಟಿಕ್ ಕರಾವಳಿಯ ಹತ್ತಿರದವರೆಗೂ ಹಬ್ಬಿತ್ತು. ನಿಜ. ಆದರೆ ಆ ಮರಕ್ಕೆ ಬೇಕಾದದ್ದು ಬೆಚ್ಚನೆಯ ಬೇಸಿಗೆ. ಚಳಿಗಾಲ ಎಷ್ಟೇ ಕೊರೆಯಲಿ, ಅದು ಮಲಗಿ ಕಳೆಯುತ್ತೆ.

ತಕ್ಕಡಿ ಪರೀಕ್ಷೆ

ಸರಿ, ಸಾಕ್ಷಿ ವಾಲಿದೆ ಅಂತ ಅನುಮಾನ. ಆದರೆ ಯಾವ ಸಾಕ್ಷಿ ಎಷ್ಟು ವಾಲಿದೆ ಅಂತ ಸಾಬೀತು ಮಾಡೋದು ಹೇಗೆ? ಹತ್ತು ಸಾವಿರ ವರ್ಷಗಳ ಹಿಂದಿನ ಪಾಚಿಯನ್ನು ಕರೆದು ಕೇಳೋಕಾಗಲ್ಲವಲ್ಲ.

2021ರ ಜನವರಿಯಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಸಮಾಂತಾ ಬೋವಾ ಮತ್ತು ಸಂಗಡಿಗರು ಒಂದು ಜಾಣ ಉಪಾಯ ಮುಂದಿಟ್ಟರು. ಲಿಯು ಕೂಡ ಆ ತಂಡದಲ್ಲಿದ್ದರು. ಸಂತೆಯಲ್ಲಿ ತಕ್ಕಡಿ ಮೇಲೆ ಅನುಮಾನ ಬಂದರೆ ಏನು ಮಾಡ್ತೀವಿ? ತೂಕ ಗೊತ್ತಿರುವ ವಸ್ತು ಇಟ್ಟು ನೋಡ್ತೀವಿ. ಇವರೂ ಅದನ್ನೇ ಮಾಡಿದರು. ಹಿಂದಿನ ಹಿಮಯುಗಕ್ಕೂ ಮುಂಚಿನ ಬೆಚ್ಚನೆಯ ಕಾಲಕ್ಕೆ, ಅಂದ್ರೆ 1,28,000ದಿಂದ 1,15,000 ವರ್ಷಗಳ ಹಿಂದಕ್ಕೆ ಹೋದರು. ಆ ಅವಧಿಯಲ್ಲಿ ಹಿಮಹಾಸು, ಕಾರ್ಬನ್ ಡೈ ಆಕ್ಸೈಡ್ ಎರಡೂ ಹೆಚ್ಚುಕಡಿಮೆ ಸ್ಥಿರವಾಗಿದ್ದವು. ಆದರೆ ಋತುಗಳ ಬಿಸಿಲು ಮಾತ್ರ ಬಹಳ ಏರಿಳಿಯುತ್ತಿತ್ತು. ಹಾಗಾಗಿ ಒಂದು ದಾಖಲೆಯ ಗೆರೆ ಆ ಕಾಲದಲ್ಲಿ ಯಾವ ತಿಂಗಳುಗಳ ಬಿಸಿಲಿನ ಜೊತೆ ಏರಿ ಇಳಿಯುತ್ತೋ, ಆ ತಿಂಗಳುಗಳ ಸಾಕ್ಷಿ ಅದು. ಎಷ್ಟು ವಾಲುತ್ತೆ ಅನ್ನೋದೂ ಅಲ್ಲೇ ಸಿಗುತ್ತೆ. ಅದೇ ವಾಲಿಕೆಯನ್ನು ನಮ್ಮ ಹೊಲೊಸೀನ್ ದಾಖಲೆಯಿಂದ ಕಳೆದರೆ ಉಳಿಯೋದು ವರ್ಷದ ಸರಾಸರಿ.

ಪಪುವಾ ನ್ಯೂಗಿನಿಯ ಉತ್ತರದ ಕಡಲಿನಿಂದ ತೆಗೆದ ಕೆಸರು ಸೇರಿದಂತೆ, 40 ಡಿಗ್ರಿ ಉತ್ತರದಿಂದ 40 ಡಿಗ್ರಿ ದಕ್ಷಿಣ ಅಕ್ಷಾಂಶದವರೆಗಿನ ದಾಖಲೆಗಳ ಮೇಲೆ ಈ ಪರೀಕ್ಷೆ ಮಾಡಿದರು. ಋತುವಿನ ಪಾಲು ಕಳೆದ ಮೇಲೆ ಆ ಹಳೆಯ ‘ಬೆಚ್ಚನೆಯ ಶಿಖರ’ ಕರಗಿಹೋಯಿತು. ಇಳಿಯುತ್ತಿದ್ದ ಗೆರೆ ಮೆಲ್ಲಗೆ ಏರುವ ಗೆರೆಯಾಯಿತು. ಮಾದರಿಗಳು ಹೇಳಿದ್ದೂ ಅದನ್ನೇ.

ಅದೇ ವರ್ಷದ ನವೆಂಬರ್‌ನಲ್ಲಿ ಅರಿಜೋನಾ ವಿಶ್ವವಿದ್ಯಾಲಯದ ಮ್ಯಾಥ್ಯೂ ಆಸ್ಮನ್, ಜೆಸಿಕಾ ಟಿಯರ್ನಿ ತಂಡ 500ಕ್ಕೂ ಹೆಚ್ಚು ಸಮುದ್ರ ದಾಖಲೆಗಳನ್ನು ಮಾದರಿಯ ಜೊತೆ ಬೆಸೆದು 24 ಸಾವಿರ ವರ್ಷಗಳ ತಾಪಮಾನ ಕಟ್ಟಿತು. ಕಳೆದ 9 ಸಾವಿರ ವರ್ಷಗಳಲ್ಲಿ ಸುಮಾರು ಅರ್ಧ ಡಿಗ್ರಿಯಷ್ಟು ನಿಧಾನದ ಏರಿಕೆ ಅಂತ ಅದೂ ಹೇಳಿತು. ಅದಕ್ಕೂ ಮುಂಚೆ 2018ರಲ್ಲಿ ಉತ್ತರ ಅಮೆರಿಕ ಮತ್ತು ಯುರೋಪಿನ 642 ಕಡೆಯ ಪರಾಗದ ದಾಖಲೆಗಳೂ, ಸುಮಾರು 2 ಸಾವಿರ ವರ್ಷಗಳ ಹಿಂದಿನವರೆಗೆ ಬೆಚ್ಚಗಾಗುತ್ತಲೇ ಬಂದಿತ್ತು ಅಂತ ತೋರಿಸಿದ್ದವು.

ಹಾಗಾದ್ರೆ ಒಗಟು ಬಿಡಿಸಿತಾ? ಇಲ್ಲ, ಸ್ವಲ್ಪ ತಾಳಿ.

2022ರಲ್ಲಿ ಥಾಮಸ್ ಲೆಪ್ಲೆ ತಂಡ ‘ನೇಚರ್’ನಲ್ಲೇ ಆಕ್ಷೇಪ ಎತ್ತಿತು. 2013ರ ಲೇಖನದ ಮಾರ್ಕಾಟ್ ಮತ್ತು ಶಾಕುನ್ ಕೂಡ ಇದರಲ್ಲಿದ್ದರು. ಬಿಸಿಲು ಇಷ್ಟು ಏರಿದರೆ ತಾಪಮಾನ ಇಷ್ಟೇ ಏರುತ್ತೆ ಅಂತ ನೇರ ಗೆರೆ ಎಳೆಯೋದು ಸರಿಯಲ್ಲ, ತಕ್ಕಡಿ ಪರೀಕ್ಷೆಗೆ ಇಟ್ಟ ತೂಕದ ಮೇಲೇ ನಮಗೆ ಅನುಮಾನ ಅನ್ನೋದು ಅವರ ವಾದ. ಅದೇ ವರ್ಷ ಇನ್ನೊಂದು ಅಧ್ಯಯನ ಮಾದರಿಗಳ ಕಡೆ ಬೆರಳು ತೋರಿಸಿತು. ಆರೇಳು ಸಾವಿರ ವರ್ಷಗಳ ಹಿಂದೆ ಸಹಾರಾದಲ್ಲಿ ಹುಲ್ಲುಗಾವಲಿತ್ತು, ಉತ್ತರದಲ್ಲಿ ಕಾಡು ಹೆಚ್ಚಿತ್ತು. ಹಸಿರು ನೆಲ ಮರಳಿಗಿಂತ, ಹಿಮಕ್ಕಿಂತ ಹೆಚ್ಚು ಬಿಸಿಲು ಹೀರುತ್ತೆ. ಮಾದರಿಯಲ್ಲಿ ಆ ಹಸಿರನ್ನು ಸೇರಿಸಿದರೆ ಹಳೆಯ ಬೆಚ್ಚನೆಯ ಕಾಲ ಮತ್ತೆ ಕಾಣಿಸಿಕೊಳ್ಳುತ್ತೆ! 2023ರಲ್ಲಿ ಡ್ಯಾರೆಲ್ ಕಾಫ್‌ಮನ್ ಮತ್ತು ಎಲ್ಲಿ ಬ್ರಾಡ್‌ಮನ್ ಎರಡೂ ಕಡೆಯ ಪುರಾವೆ ತೂಗಿ ನೋಡಿ, ಸಣ್ಣ ಪ್ರಮಾಣದ ಹಳೆಯ ಬೆಚ್ಚನೆಯ ಕಾಲ ಇತ್ತು ಅನ್ನೋ ಕಡೆಗೇ ಒಲವು ತೋರಿಸಿದರು. ಅಂದ್ರೆ ಸಾಕ್ಷಿಯ ವಾಲಿಕೆಯೂ ನಿಜ, ಮಾದರಿಯ ಕೊರತೆಯೂ ನಿಜ. ಯಾವುದರ ಪಾಲು ಎಷ್ಟು ಅನ್ನೋದೇ ಈಗಿನ ಚರ್ಚೆ.

ನಮ್ಮ ಅರಬ್ಬೀ ಸಮುದ್ರದ ಪಾಠ

ಇಷ್ಟು ಕೇಳಿದ ಮೇಲೆ ‘ಅಯ್ಯೋ, ಹಾಗಾದ್ರೆ ಯಾವ ಸಾಕ್ಷಿಯನ್ನೂ ನಂಬೋ ಹಾಗಿಲ್ಲ’ ಅಂತ ಅನ್ನಿಸಬಹುದು. ಹಾಗಲ್ಲ. ಯಾವ ಋತುವಿನ ಸಾಕ್ಷಿ ಅಂತ ಗೊತ್ತಿದ್ದರೆ ಪಕ್ಷಪಾತವೇ ಗುಣವಾಗುತ್ತೆ. ಅದಕ್ಕೆ ಉದಾಹರಣೆ ನಮ್ಮ ಅರಬ್ಬೀ ಸಮುದ್ರದಲ್ಲೇ ಇದೆ.

ಮುಂಗಾರಿನ ನೈಋತ್ಯ ಗಾಳಿ ಜೋರಾಗಿ ಬೀಸಿದಾಗ ಒಮಾನ್ ಕರಾವಳಿಯ ಹತ್ತಿರ ಮೇಲಿನ ನೀರು ಸರಿದು, ಆಳದ ತಣ್ಣನೆಯ ನೀರು ಮೇಲೆ ಬರುತ್ತೆ. ಅದರ ಜೊತೆ ಪೋಷಕಾಂಶವೂ ಬರುತ್ತೆ. ಆಗ ಗ್ಲೋಬಿಜೆರಿನಾ ಬುಲಾಯ್ಡಿಸ್ ಎಂಬ ಫೊರಾಮಿನಿಫೆರಾಗೆ ಸುಗ್ಗಿ. ಈ ಜೀವಿಯ ಚಿಪ್ಪು ನೋಡಿ ವರ್ಷದ ಸರಾಸರಿ ಶಾಖ ಹೇಳೋಕೆ ಹೋದರೆ ಎಡವುತ್ತೀವಿ. ಯಾಕಂದ್ರೆ ಇಲ್ಲಿ ಬೇಸಿಗೆಯ ಸಾಕ್ಷಿ ಹೇಳೋದು ತಣ್ಣನೆಯ ನೀರಿನ ಕಥೆ! ಆದರೆ ಕೆಸರಿನಲ್ಲಿ ಈ ಚಿಪ್ಪು ಎಷ್ಟಿದೆ ಅಂತ ಎಣಿಸಿದರೆ ಮುಂಗಾರು ಗಾಳಿಯ ಬಲ ತಿಳಿಯುತ್ತೆ. ಐಐಟಿ ಖರಗ್‌ಪುರದ ಅನಿಲ್ ಗುಪ್ತಾ ಮತ್ತು ಅಮೆರಿಕದ ಸಂಗಡಿಗರು 2003ರಲ್ಲಿ ಹೀಗೆ ಎಣಿಸಿಯೇ ಹೊಲೊಸೀನ್ ಕಾಲದ ಮುಂಗಾರಿನ ಏರಿಳಿತ ಬರೆದರು. ಮೊಮ್ಮಗನನ್ನು ಇಡೀ ವರ್ಷದ ಬಗ್ಗೆ ಕೇಳಬೇಡಿ. ಮೇ ತಿಂಗಳ ಬಗ್ಗೆ ಕೇಳಿ. ಅವನಿಗಿಂತ ಚೆನ್ನಾಗಿ ಹೇಳುವವರಿಲ್ಲ.

ಕೊನೆಗೆ, ಶುರುವಿನಲ್ಲಿ ಕೇಳಿದ ಪ್ರಶ್ನೆಗೆ ಬರೋಣ. ಹಿಂದೆ ಬೆಚ್ಚಗಿತ್ತಾ, ತಣ್ಣಗಿತ್ತಾ? ಹವಾಮಾನ ಬದಲಾವಣೆಯ ಅಂತರಸರ್ಕಾರಿ ಸಮಿತಿ, ಅಂದ್ರೆ ಐಪಿಸಿಸಿ, 2021ರ ವರದಿಯಲ್ಲಿ ಕೊಟ್ಟ ಲೆಕ್ಕ ಹೀಗಿದೆ: ಸುಮಾರು 6,500 ವರ್ಷಗಳ ಹಿಂದಿನ ಬೆಚ್ಚನೆಯ ಕಾಲ 19ನೇ ಶತಮಾನದ ದ್ವಿತೀಯಾರ್ಧಕ್ಕಿಂತ 0.2ರಿಂದ 1 ಡಿಗ್ರಿ ಹೆಚ್ಚಿದ್ದಿರಬಹುದು. 2011ರಿಂದ 2020ರ ದಶಕದ ಸರಾಸರಿ ಅದೇ ಅಳತೆಯಲ್ಲಿ 1.09 ಡಿಗ್ರಿ ಹೆಚ್ಚು. ಜಗಳದಲ್ಲಿ ಯಾರ ಕೈ ಮೇಲಾದರೂ ಈ ಮಾತು ಬದಲಾಗಲ್ಲ. ಹಳೆಯ ಗೆರೆ ಸರಿ ಅಂದ್ರೆ, ಐದು ಸಾವಿರ ವರ್ಷಗಳ ತಂಪನ್ನು ನಾವು ಒಂದೂವರೆ ಶತಮಾನದಲ್ಲಿ ಅಳಿಸಿಹಾಕಿದ್ದೀವಿ. ಹೊಸ ಗೆರೆ ಸರಿ ಅಂದ್ರೆ, ಮೆಲ್ಲಗೆ ಏರುತ್ತಿದ್ದ ದಾರಿಯ ತುದಿಯಲ್ಲಿ ನಿಂತು ಅಲ್ಲಿಂದ ಮೇಲಕ್ಕೆ ಜಿಗಿದಿದ್ದೀವಿ.

ಮುಂದೆ ಯಾರಾದರೂ ‘ಅಲ್ಲಿ ದ್ರಾಕ್ಷಿ ಬೆಳೀತಿದ್ರಂತೆ, ಇಲ್ಲಿ ನದಿ ಹೆಪ್ಪುಗಟ್ಟಿತ್ತಂತೆ, ಅಲ್ಲಿವರೆಗೆ ಕಾಡಿತ್ತಂತೆ’ ಅಂತ ಹೇಳಿ ಇಡೀ ಭೂಮಿಯ ಲೆಕ್ಕ ಒಪ್ಪಿಸಿದರೆ, ಒಂದೇ ಒಂದು ಪ್ರಶ್ನೆ ಕೇಳಿ: ‘ಅದು ಯಾವ ತಿಂಗಳ ಸಾಕ್ಷಿ?’